ನವಾಸಾ ದೇಶದಿಂದ ಫೈವ್ ನೈನ್

ನವಾಸಾ ದೇಶದಲ್ಲಿ ರಾಜನಿಲ್ಲ, ಪ್ರಜೆಯಿಲ್ಲ, ಕುಡಿಯಲು ಹನಿ ಸಿಹಿನೀರಿಲ್ಲ. ಚುನಾವಣೆಯೂ ಇಲ್ಲ, ಅಷ್ಟರಮಟ್ಟಿಗೆ ಪುಣ್ಯ. ಕೆರಿಬಿಯನ್ ಸಮುದ್ರದಲ್ಲಿ, ಹೈಟಿಯ ಪಶ್ಚಿಮಕ್ಕಿರುವ 5 ಚದರ ಕಿಲೋಮೀಟರ್‌ ಚಿಲ್ಲರೆಯ ಸುಣ್ಣಕಲ್ಲಿನ ದಿಬ್ಬ ಅದು. ಇದೊಂದು ದೇಶವೆಂದು ವಿಶ್ವಸಂಸ್ಥೆಗೆ ಗೊತ್ತಿಲ್ಲ. ಹ್ಯಾಮ್ ರೇಡಿಯೊದವರಿಗೆ, ಅಂದರೆ ಸ್ವಂತ ರೇಡಿಯೊದಲ್ಲಿ ದೂರದವರೊಡನೆ ಮಾತಾಡುವ ಹವ್ಯಾಸಿಗಳಿಗೆ, ಮಾತ್ರ ಗೊತ್ತು.

ಮೊದಲು ಅದನ್ನು ಕಂಡುಹಿಡಿದದ್ದು ಹಕ್ಕಿಗಳು. ಅವು ಬಿಟ್ಟುಹೋದ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಯಾರದೂ ಅಲ್ಲದ ದ್ವೀಪದಲ್ಲಿ ತನ್ನ ಪ್ರಜೆಗೆ ಹಿಕ್ಕೆ ಸಿಕ್ಕರೆ ಆ ದ್ವೀಪವನ್ನೇ ತನ್ನ ಲೆಕ್ಕಕ್ಕೆ ಬರೆದುಕೊಳ್ಳಬಹುದೆಂದು ಅಮೆರಿಕ 1856ರಲ್ಲಿ ಕಾಯ್ದೆ ಮಾಡಿತು. ಯಾರದೋ ಹಿಕ್ಕೆ, ಯಲ್ಲಮ್ಮನ ಜಾತ್ರೆ! ಮರುವರ್ಷವೇ ಪೀಟರ್ ಡಂಕನ್ ಎಂಬ ಕಪ್ತಾನ ನವಾಸಾಕ್ಕೆ ಹಕ್ಕು ಹೂಡಿದ. ಹೈಟಿ ‘ಅದು ನಮ್ಮದು’ ಅಂದಿತು. ಇವತ್ತಿಗೂ ಅನ್ನುತ್ತಿದೆ, ಸಂವಿಧಾನದಲ್ಲೇ ಬರೆದುಕೊಂಡಿದೆ. ಹಿಕ್ಕೆ ಬಗೆಯಲು ಬಾಲ್ಟಿಮೋರ್‌ನಿಂದ ಒಯ್ದ ಕಪ್ಪು ಕಾರ್ಮಿಕರು 1889ರಲ್ಲಿ ಹಿಂಸೆ ತಾಳದೆ ತಿರುಗಿಬಿದ್ದರು. ಐವರು ಮೇಲ್ವಿಚಾರಕರು ಸತ್ತರು. ಕೊಲೆ ಮೊಕದ್ದಮೆಯ ಜೊತೆಗೆ ದ್ವೀಪ ಯಾರದೆಂಬ ಪ್ರಶ್ನೆಯೂ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1890ರಲ್ಲಿ ಹಿಕ್ಕೆಯೇ ಗೆದ್ದಿತು, ದ್ವೀಪ ಅಮೆರಿಕದ್ದೇ ಎಂದಾಯಿತು.

ಇನ್ನು ಹ್ಯಾಮ್‌ಗಳ ಸರದಿ. ಎಷ್ಟು ದೇಶದೊಡನೆ ಮಾತಾಡಿದೆವೆಂದು ಹೇಗೆ ಎಣಿಸುವುದು? ಅಮೆರಿಕದ ಹ್ಯಾಮ್ ಕ್ಲಿಂಟನ್ ಡಿಸೊಟೊ 1935ರಲ್ಲಿ ಹ್ಯಾಮ್ ಪತ್ರಿಕೆಯಲ್ಲಿ ಸೂತ್ರ ಕೊಟ್ಟರು: ಆಡಳಿತ ಬೇರೆಯಾದರೂ ದೇಶ, ಭೂಗೋಳ ಬೇರೆಯಾದರೂ ದೇಶ. 1937ಕ್ಕೆ 100 ದೇಶ ಮುಟ್ಟಿದವರಿಗೆ ಪ್ರಶಸ್ತಿಯೂ ಬಂತು. ಈ ಲೆಕ್ಕದಲ್ಲಿ ಭಾರತ, ಅಂಡಮಾನ್-ನಿಕೋಬಾರ್, ಲಕ್ಷದ್ವೀಪ ಮೂರು ಬೇರೆ ಬೇರೆ. ಮಂಗಳೂರಿನ ಹ್ಯಾಮ್ ಲಕ್ಷದ್ವೀಪದವರನ್ನು ಮಾತಾಡಿಸಿದರೆ ಅದು ಫಾರಿನ್ ಕಾಲ್!

ನಿರ್ಜನ ದೇಶದಲ್ಲಿ ಉತ್ತರಿಸುವವರಾದರೂ ಯಾರು? ಆ ಕೊರತೆ ನೀಗಲು ಹ್ಯಾಮ್‌ಗಳೇ ಹೋಗಬೇಕು. 1999ರಿಂದ ನವಾಸಾ ವನ್ಯಜೀವಿ ಆಶ್ರಯತಾಣ, ಅನುಮತಿ ಸಿಗುವುದು ಹೊಸ ಸೊಸೆಗೆ ಅಡುಗೆಮನೆಯ ಬೀಗದ ಕೈ ಸಿಕ್ಕಂತೆ. ವರ್ಷಗಟ್ಟಲೆ ಕಾದು, 2015ರ ಫೆಬ್ರವರಿಯಲ್ಲಿ ಒಂದು ತಂಡ ಹೆಲಿಕಾಪ್ಟರ್‌ನಲ್ಲಿ ಜನರೇಟರು, ಆಂಟೆನಾ ಹೊತ್ತು ಇಳಿಯಿತು. ಎರಡು ವಾರದಲ್ಲಿ 1.3 ಲಕ್ಷಕ್ಕೂ ಹೆಚ್ಚು ಮಾತುಕತೆ!

ಏನು ಮಾತಾಡಿದರು ಅಂತೀರಾ? ‘ಫೈವ್ ನೈನ್.’ ನಿಮ್ಮ ದನಿ ಗಂಟೆ ಬಾರಿಸಿದಂತೆ ಕೇಳುತ್ತಿದೆ ಎಂದರ್ಥ. ‘ನಿಮ್ಮ ಕಾಲ್‌ಸೈನ್ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ಯಾರನ್ನು ಗೋಗರೆಯಬೇಕಾಯಿತೋ ಅವರಿಗೂ ಸಿಗುವುದು ಅದೇ ಫೈವ್ ನೈನ್. (ಕಾಲ್‌ಸೈನ್ ಅಂದರೆ ಹ್ಯಾಮ್‌ನ ರೇಡಿಯೊ ಹೆಸರು.) ಮದುವೆಮನೆಯಲ್ಲಿ ‘ಚೆನ್ನಾಗಿದ್ದೀರಾ’ ಎಂದು ಕೇಳಿ, ಉತ್ತರಕ್ಕೆ ಮುಂಚೆಯೇ ಪಂಕ್ತಿ ಹಿಡಿಯಲು ಓಡುವ ಬಂಧುಗಳಂತೆ. ಆಮೇಲೆ ‘ಮಾತಾಡಿದ್ದು ನಿಜ’ ಎಂಬ ಕಾರ್ಡ್ ಬರುತ್ತದೆ. ಗೋಡೆಯ ಮೇಲೊಂದು ದೇಶ ಹೆಚ್ಚುತ್ತದೆ.

ಹೈಟಿಯ ಮೀನುಗಾರರು ಮಾತ್ರ ಪುಟ್ಟ ದೋಣಿಗಳಲ್ಲಿ ಆ ದಿಬ್ಬದ ಬಳಿಗೆ ಹೋಗುತ್ತಾರೆ, ತಂಗುತ್ತಾರೆ, ಬಲೆ ಬೀಸುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಅವರು ಅನುಮತಿಯಿಲ್ಲದವರು, ಹ್ಯಾಮ್‌ಗಳ ಲೆಕ್ಕದಲ್ಲಿ ಕಾಲ್‌ಸೈನ್ ಇಲ್ಲದವರು. ಬಲೆ ಎಳೆಯುವಾಗ ಅವರು ಕೂಗುವುದು ಹ್ಯಾಮ್‌ಗಳ 14 ಮೆಗಾಹರ್ಟ್ಸ್‌ನಲ್ಲಿ ಅಲ್ಲವಲ್ಲ, ಕಾರ್ಡ್ ಯಾರು ಕಳಿಸಬೇಕು?