ಕೆಳಗೆ ಮನೆ ಇದೆ, ಅಂಕಲ್

ನನಗೆ ಬುದ್ಧಿ ಹೇಳಿದವಳಿಗೆ ಎಂಟು ವರ್ಷ ಇರಬಹುದು. ಮೂಗು ಸೋರುತ್ತಿತ್ತು, ಕೈಯಲ್ಲಿ ಅರ್ಧ ತಿಂದ ರೊಟ್ಟಿ. ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಲಡಾಖಿನ ನನ್ನ ಮನೆ ಮುಂದಿನ ಕಾಲುವೆಯಲ್ಲಿ ಕೆಸರಾದ ಬೂಟು ತೊಳೆಯುತ್ತಿದ್ದೆ. ಕಾಲುವೆ ಅಂದರೆ ದೊಡ್ಡದೇನಲ್ಲ, ಎರಡು ಗೇಣು ಅಗಲ. ಮಂಡ್ಯದಲ್ಲಾದರೆ ಅದನ್ನು ಯಾರೂ ಕಾಲುವೆ ಅಂತ ಕರೆಯುವುದೇ ಇಲ್ಲ. ಅವಳು ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಹಿಂದಿಯಲ್ಲಿ, ಜಗಳದ ದನಿಯೇ ಇಲ್ಲದೆ, "ಅಂಕಲ್, ಕೆಳಗೆ ಮನೆ ಇದೆ" ಅಂದು ಹೊರಟು ಹೋದಳು.

ಬೂಟು ಎತ್ತಿಕೊಂಡು ಒಳಗೆ ಬಂದೆ. ಮುಖ ಬಿಸಿಯಾಗಿತ್ತು. ಮದ್ದೂರು ತಾಲ್ಲೂಕಿನವನು ಸ್ವಾಮಿ ನಾನು. ವಿ.ಸಿ. ನಾಲೆಯಲ್ಲಿ, ಅಂದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜು ಕಲಿತವನು. ನಮ್ಮೂರಲ್ಲಿ ಎಮ್ಮೆ ಮೈ ತೊಳೆಯುವುದು ನಾಲೆಯಲ್ಲಿ, ಬಟ್ಟೆ ಒಗೆಯುವುದು ನಾಲೆಯಲ್ಲಿ, ಆಯುಧಪೂಜೆಯ ದಿನ ಟ್ರ್ಯಾಕ್ಟರ್ ತೊಳೆಯುವುದೂ ನಾಲೆ ನೀರಲ್ಲೇ. ಕೆಳಗೆ ಊರಿದೆ ಅನ್ನುವುದು ನಮಗೂ ಗೊತ್ತು. ಗೊತ್ತಿದ್ದು ಏನು ಮಾಡಿದ್ದೇವೆ?

ಲಡಾಖಿಗೆ ಬಂದು ಏಳು ವರ್ಷ ಆಯಿತು. ಲೇಹದಲ್ಲಿ ಬ್ಯಾಂಕ್ ಕೆಲಸ, ಊರಾಚೆಯ ಹಳ್ಳಿಯಲ್ಲಿ ಬಾಡಿಗೆ ಮನೆ. ಸುಮಾರು 11,500 ಅಡಿ ಎತ್ತರದ ಜಾಗ. ವರ್ಷಕ್ಕೆಲ್ಲ ಸೇರಿ ಇಲ್ಲಿ ಬೀಳುವುದು ಸುಮಾರು 100 ಮಿ.ಮೀ. ಬೆಂಗಳೂರಿನಲ್ಲಿ ಅಷ್ಟು ಮಳೆ ಒಂದೇ ರಾತ್ರಿ ಸುರಿದದ್ದುಂಟು. ಮಂಡ್ಯವನ್ನು ಮಳೆ ಕಡಿಮೆ ಇರುವ ಜಿಲ್ಲೆ ಅಂತ ನಾವೇ ಹೇಳಿಕೊಳ್ಳುತ್ತೇವೆ, ಅಲ್ಲೂ ವರ್ಷಕ್ಕೆ 700 ಮಿ.ಮೀ. ಆಸುಪಾಸು ಬರುತ್ತದೆ. ಇಲ್ಲಿ ಸುತ್ತ ನೋಡಿದರೆ ಬರೀ ಕಲ್ಲು, ಮರಳು, ಬೋಳು ಬೆಟ್ಟ. ನಡುವೆ ಎಲ್ಲೋ ಒಂದು ಕಡೆ ಹಸಿರು ಬಟ್ಟೆ ಹಾಸಿದ ಹಾಗೆ ಒಂದು ಊರು. ಆ ಹಸಿರು ಪೂರ್ತಿ ಮೇಲಿನ ಹಿಮ ಕರಗಿ ಬಂದ ನೀರಿನದ್ದು. ಮೇನಲ್ಲಿ ಬಾರ್ಲಿ ಬಿತ್ತಿ ಸೆಪ್ಟೆಂಬರಿಗೆ ಕೊಯ್ಯಬೇಕು. ಒಂದೇ ಬೆಳೆ. ತಪ್ಪಿದರೆ ಮುಂದಿನ ವರ್ಷವೇ.

ಹಿಮದ ನೀರು ಬರುವ ಕಾಲುವೆಗೆ ಇಲ್ಲಿ ಯುರಾ ಅನ್ನುತ್ತಾರೆ. ರಾತ್ರಿ ಹರಿದದ್ದು ಸುಮ್ನೆ ಹೋಗದೆ ಇರಲಿ ಅಂತ ಒಂದು ಸಣ್ಣ ಕಟ್ಟೆಯಲ್ಲಿ ನಿಲ್ಲಿಸುತ್ತಾರೆ, ಅದು ಝಿಂಗ್. ಬೆಳಿಗ್ಗೆ ಅದನ್ನು ತೆರೆದು ಯಾರ ಹೊಲಕ್ಕೆ ಎಷ್ಟು ಅಂತ ಹಂಚುವವನು ಚುರ್ಪೋನ್. ನಮ್ಮ ಮಾತಲ್ಲಿ ಹೇಳಬೇಕೆಂದರೆ ನೀರುಗಂಟಿ. ಅವನಿಗೆ ಪರೀಕ್ಷೆ ಇಲ್ಲ, ಸರ್ಕಾರದ ಸಂಬಳ ಇಲ್ಲ. ನಾನಿರುವ ಹಳ್ಳಿಯಲ್ಲಿ ವರ್ಷಕ್ಕೊಂದು ಮನೆಯ ಹಾಗೆ ಸರದಿ ಬರುತ್ತದೆ. ಎರಡು ವರ್ಷದ ಹಿಂದೆ ನಮ್ಮ ಮನೆ ಒಡತಿ ಆಮಾ-ಲೆ ಅವರ ಮಗನಿಗೆ ಬಂತು. ಅವನು ಟ್ಯಾಕ್ಸಿ ಓಡಿಸುವವನು. ಬೇಸಿಗೆ ಅಂದರೆ ಟೂರಿಸ್ಟ್ ಸೀಸನ್, ದುಡ್ಡು ಮಾಡುವ ಕಾಲ. ಗೊಣಗಿದ. ಆದರೂ ಬೆಳಿಗ್ಗೆ ಗುದ್ದಲಿ ಹೆಗಲಿಗೇರಿಸಿ ಹೊರಡುತ್ತಿದ್ದ, ಟ್ಯಾಕ್ಸಿ ಆಮೇಲೆ.

ಒಂದು ದಿನ ನಾನೂ ಜೊತೆಗೆ ಹೋದೆ. ಕಾಲುವೆ ಕವಲೊಡೆಯುವ ಕಡೆ ಕೂತು ಒಂದು ಹಳೆ ಜೀನ್ಸ್ ಪ್ಯಾಂಟಿನ ಕಾಲನ್ನು ಉಂಡೆ ಮಾಡಿ ಕವಲಿನ ಬಾಯಿಗೆ ತುರುಕಿದ. ಮೇಲೆ ಎರಡು ಕಲ್ಲು, ಒಂದು ಹುಲ್ಲು ಹೆಂಟೆ. ನೀರು ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಆಮೇಲೆ ಬಲಕ್ಕೆ ತಿರುಗಿತು. ಅದೇ ಅವರ ಗೇಟು, ಅದೇ ಬೀಗ. ಯಾರು ಬೇಕಾದರೂ ಕಾಲಲ್ಲಿ ಒದ್ದು ತೆಗೆಯಬಹುದು. ಯಾರೂ ಒದೆಯಲಿಲ್ಲ. ಹೊಲದಿಂದ ಹೊಲಕ್ಕೆ ಹೋಗುತ್ತಾ ಹೋಗುತ್ತಾ ಬಿಸಿಲು ನೆತ್ತಿಗೆ ಬಂತು. ತನ್ನ ಹೊಲಕ್ಕೆ ಅವನು ನೀರು ತಿರುಗಿಸಿದ್ದು ಕೊನೆಗೆ. ನಾನು ಬೆಪ್ಪನ ಹಾಗೆ ಯಾಕೆ ಅಂತ ಕೇಳಿದೆ. "ಈ ವರ್ಷ ಚುರ್ಪೋನ್ ನಾನೇ ಅಲ್ವಾ" ಅಂದ. ಅವನಿಗೆ ಪ್ರಶ್ನೆಯೇ ಅರ್ಥ ಆಗಿರಲಿಲ್ಲ.

ನಮ್ಮಣ್ಣ ಈ ಮಾತು ಕೇಳಿದರೆ ನಗುತ್ತಾನೆ. ನಕ್ಕಿದ್ದಾನೆ ಕೂಡ.

ಅಣ್ಣನ ಗದ್ದೆ ಇರುವುದು ನಾಲೆಯ ಕೊನೇ ಭಾಗದಲ್ಲಿ. ಕೆ.ಆರ್.ಎಸ್.ನಲ್ಲಿ ನೀರು 124.80 ಅಡಿ ಮುಟ್ಟಿತು ಅಂತ ಪೇಪರಿನಲ್ಲಿ ಫೋಟೋ ಬರುತ್ತದೆ, ಬಾಗಿನ ಬಿಡುತ್ತಾರೆ, ನಮ್ಮ ತೂಬಿನಲ್ಲಿ ಮಾತ್ರ ಕಪ್ಪೆ ಕೂಗುತ್ತಿರುತ್ತದೆ. ಸರದಿಯ ಮೇಲೆ ಕಟ್ಟು ನೀರು ಬಿಟ್ಟರೂ ಮೇಲಿನವರ ಕಬ್ಬು ಕುಡಿದು, ಮೇಲಿನವರ ಮೋಟರು ಎಳೆದು, ಉಳಿದದ್ದು ನಮಗೆ. ಅದಕ್ಕೆ ಅಣ್ಣ ರಾತ್ರಿ ಟಾರ್ಚು, ದೊಣ್ಣೆ ಹಿಡಿದು ಏರಿ ಮೇಲೆ ಕೂರುತ್ತಾನೆ. ಒಂದು ಸಲ ರಜೆಯಲ್ಲಿ ನಾನೂ ಕೂತಿದ್ದೆ. ಎರಡು ಗಂಟೆ ರಾತ್ರಿ. ಯಾರೋ ಮೇಲಿನ ತೂಬು ಕಿತ್ತರು ಅಂತ ಕೂಗು ಬಂತು. ಅಣ್ಣ ಓಡಿದ. ಕಿತ್ತವರು ಬೇರೆ ಯಾರೂ ಅಲ್ಲ, ನಮ್ಮ ದೊಡ್ಡಪ್ಪನ ಮಗನೇ. ನಾಲೆ ಕಾಯುವ ಸೌಡಿಯನ್ನು ಕೇಳಿದರೆ "ನಾನೊಬ್ಬ ಎಷ್ಟು ಮೈಲಿ ಕಾಯಲಿ ಸ್ವಾಮಿ" ಅನ್ನುತ್ತಾನೆ. ಅದೂ ನಿಜವೇ.

ನನಗೆ ಸಿಟ್ಟು ಬರುವುದು ಇಲ್ಲಿ. 100 ಮಿ.ಮೀ. ಬೀಳುವ ಜಾಗದಲ್ಲಿ ಒಂದು ಜೀನ್ಸ್ ಚೂರು ಸಾಕಾಗುತ್ತದೆ. ಕಾವೇರಿ ಹರಿಯುವ ಜಾಗದಲ್ಲಿ ಕಬ್ಬಿಣದ ಗೇಟಿಗೆ ಬೀಗ ಹಾಕಿದರೂ ಸಾಲದು. ನೀರು ಜಾಸ್ತಿ ಆದಮೇಲೆ ಸರದಿ ಮರೆತುಹೋಯಿತು ಅಂತ ನನ್ನ ಅನಿಸಿಕೆ. ನಾಲೆ ಬರುವ ಮೊದಲು ನಮ್ಮೂರಿಗೂ ಕೆರೆ ಇತ್ತು, ಕೆರೆಗೆ ನೀರುಗಂಟಿ ಇದ್ದ. ಕಣದಲ್ಲಿ ರಾಶಿ ಪೂಜೆ ಆದಮೇಲೆ ಅವನಿಗೆ ಮೊರದಲ್ಲಿ ಅಳೆದು ಕೊಡುತ್ತಿದ್ದರು ಅಂತ ನಮ್ಮಜ್ಜಿ ಹೇಳುತ್ತಿದ್ದಳು. 1930ರ ದಶಕದಲ್ಲಿ ನಾಲೆ ಬಂತು. ಗದ್ದೆ ಆಯಿತು, ಕಬ್ಬಾಯಿತು, ಸಕ್ಕರೆ ಕಾರ್ಖಾನೆ ಆಯಿತು. ಕೆರೆ ಹೂಳು ತುಂಬಿಕೊಂಡಿತು. ಎಷ್ಟೋ ಕಡೆ ನೀರು ಹಾಯಿಸಿ ಹಾಯಿಸಿ ಭೂಮಿ ಚೌಳಾಗಿ ಬೆಳ್ಳಗೆ ಉಪ್ಪು ಕಾರುತ್ತಿದೆ. ಆದರೂ ಕಬ್ಬಿಗೆ ನೀರು ನಿಲ್ಲಿಸಿದರೇ ಸಮಾಧಾನ ನಮಗೆ.

ಊಟದ ವಿಷಯಕ್ಕೆ ಬರುತ್ತೇನೆ. ಮೊದಲ ಚಳಿಗಾಲದಲ್ಲಿ ಆಮಾ-ಲೆ ನನಗೊಂದು ಬಟ್ಟಲಲ್ಲಿ ಕಂದು ಬಣ್ಣದ ಹಿಟ್ಟು ಹಾಕಿ, ಮೇಲೆ ಉಪ್ಪು ಬೆಣ್ಣೆ ಚಹಾ ಹೊಯ್ದು, ಬೆರಳಲ್ಲಿ ಕಲಸಿ ಉಂಡೆ ಮಾಡಿಕೋ ಅಂದರು. ಮೂಗಿನ ಹತ್ತಿರ ತಂದೆ. ಹುರಿಹಿಟ್ಟು! ಅದೇ ಘಮ, ನಾಲಿಗೆಗೆ ಅಂಟುವ ಅದೇ ನುಣುಪು. ಇವರು ಬಾರ್ಲಿಯನ್ನು ಬಿಸಿ ಮರಳಲ್ಲಿ ಹುರಿದು, ಹಳ್ಳದ ನೀರು ತಿರುಗಿಸುವ ಬೀಸುಕಲ್ಲಿನಲ್ಲಿ ಬೀಸುತ್ತಾರೆ. ಹಿಟ್ಟಿಗೆ ಙಂಫೆ, ಕಲಸಿದ್ದಕ್ಕೆ ಖೋಲಕ್. ನಾನು ಮುಂದಿನ ಸಲ ಊರಿಂದ ಎರಡು ಕಿಲೋ ರಾಗಿ ಹುರಿಹಿಟ್ಟು ತಂದೆ. ಬೆಲ್ಲ, ಕಾಯಿತುರಿ ಹಾಕಿ ಕಲಸಿ ಕೊಟ್ಟೆ. ಆಮಾ-ಲೆ ಬೆಲ್ಲ ಬೇಡ ಅಂದರು, ಬೆಣ್ಣೆ ಚಹಾ ಹೊಯ್ದುಕೊಂಡು ತಿಂದರು. "ಇದು ನಿಮ್ಮಲ್ಲೂ ಇದೆಯಾ? ಮತ್ತೆ ನೀನು ಯಾಕೆ ದಿನಾ ಅನ್ನ ತಿನ್ನುತ್ತೀಯ?" ಅಂತ ಕೇಳಿದರು. ಆ ಮಗುವಿನ ಮಾತಾದ ಮೇಲೆ ನನಗೆ ತಾಗಿದ ಎರಡನೇ ಮಾತು ಇದು.

ಯಾಕೆ ಅಂತ ಹೇಳಲಿ? ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯ ನಮ್ಮ ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲೇ ಕೂತು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಸೆದು ಇಂಡಾಫ್ ತಳಿಗಳನ್ನು ಮಾಡಿದರು. ಸುತ್ತ ಕಬ್ಬು, ಭತ್ತ, ನಡುವೆ ಆ ಮನುಷ್ಯ ರಾಗಿ ತೆನೆ ಹಿಡಿದು ಕೂತಿದ್ದರು. ಬೆಟ್ಟಗುಡ್ಡದ ಒಣ ನೆಲಕ್ಕೆ ರಾಗಿಯಂಥ ಬೆಳೆ ಇನ್ನೊಂದಿಲ್ಲ. ಜೊತೆಗೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಒಂದು ಕೈಕೊಟ್ಟರೆ ಇನ್ನೊಂದು. ಬೆಳೆದದ್ದು ಹಗೇವಿಗೆ, ಅಂದರೆ ಕಾಳು ತುಂಬುವ ನೆಲದೊಳಗಿನ ಗುಂಡಿಗೆ ಸೇರಿದರೆ ಮೂರು ವರ್ಷ ಮಳೆ ಬರದಿದ್ದರೂ ಹಿಟ್ಟಿಗೆ ಚಿಂತೆ ಇಲ್ಲ ಅನ್ನುತ್ತಿದ್ದರು. ನಮ್ಮ ಮನೆ ಮುಂದಿನ ಹಗೇವನ್ನು ನಮ್ಮಪ್ಪ ಮಣ್ಣು ತುಂಬಿಸಿ ಮುಚ್ಚಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಮೇಲೆ ಈಗ ಬೈಕು ನಿಲ್ಲಿಸುತ್ತೇವೆ. 2023ನ್ನು ಸಿರಿಧಾನ್ಯ ವರ್ಷ ಅಂತ ಜಗತ್ತೆಲ್ಲ ಆಚರಿಸಿತು. ಅದೇ ವರ್ಷ ಮಳೆ ಕೈಕೊಟ್ಟು ಮಂಡ್ಯದಲ್ಲಿ ಕಾವೇರಿಗಾಗಿ ರಸ್ತೆ ತಡೆ, ಬಂದ್. ನಾನು ಲೇಹದ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಿದ್ದೆ. ನೀರು ಬೇಕು ಅನ್ನುವ ಕೂಗು ಕೇಳಿಸಿತು. ಎಷ್ಟು ಬೇಕು, ಯಾವ ಬೆಳೆಗೆ ಬೇಕು ಅನ್ನುವ ಮಾತು ಕೇಳಿಸಲಿಲ್ಲ.

ಇಲ್ಲಿಯವರು ಆ ಮಾತನ್ನು ದಿನಾ ಆಡುತ್ತಾರೆ. ಬಿತ್ತನೆಗೆ ನೀರು ಬೇಕಾಗುವುದು ಏಪ್ರಿಲ್, ಮೇನಲ್ಲಿ. ಮೇಲಿನ ಹಿಮನದಿ ಸರಿಯಾಗಿ ಕರಗುವುದು ಜೂನ್ ಮೇಲೆ. ನಡುವಿನ ಆ ತಿಂಗಳೇ ಕಷ್ಟ. ಚೆವಾಂಗ್ ನಾರ್ಫೆಲ್ ಅಂತ ಒಬ್ಬ ಇಂಜಿನಿಯರ್. ಚಳಿಗಾಲದಲ್ಲಿ ಪೈಪು ಒಡೆಯದೆ ಇರಲಿ ಅಂತ ಜನ ನಲ್ಲಿ ತೆರೆದೇ ಬಿಡುತ್ತಾರೆ. ಆ ಪೋಲು ನೀರು ನೆರಳಲ್ಲಿ ಹೆಪ್ಪುಗಟ್ಟುವುದನ್ನು ಅವರು ನೋಡಿದರು. ಹಳ್ಳದ ನೀರನ್ನು ಊರಿನ ಹತ್ತಿರವೇ, ನೆರಳಿನ ಕಣಿವೆಯಲ್ಲಿ ಸಣ್ಣ ಸಣ್ಣ ಒಡ್ಡು ಹಾಕಿ ನಿಧಾನ ಮಾಡಿದರೆ ಅಲ್ಲೇ ಹಿಮವಾಗುತ್ತದೆ. ತಗ್ಗಿನಲ್ಲಿರುವುದರಿಂದ ಬೇಗ ಕರಗುತ್ತದೆ, ಬಿತ್ತನೆಗೆ ಸರಿಹೋಗುತ್ತದೆ. ಮೊದಲನೆಯದು 1987ರಲ್ಲಿ ಫುಕ್ಟ್ಸೆ ಅನ್ನುವ ಹಳ್ಳಿಯಲ್ಲಿ. 2015ರಲ್ಲಿ ಪದ್ಮಶ್ರೀ ಬಂತು. ಆಮೇಲೆ ಸೋನಂ ವಾಂಗ್ಚುಕ್ ಅದೇ ನೀರನ್ನು ಪೈಪಿನಲ್ಲಿ ಮೇಲಕ್ಕೆ ಚಿಮ್ಮಿಸಿ ಗೋಪುರದ ಹಾಗೆ ಹಿಮ ನಿಲ್ಲಿಸಿದರು. ಮೊನಚಾಗಿ ನಿಂತರೆ ಬಿಸಿಲು ಕಡಿಮೆ ತಾಗುತ್ತದೆ, ತಡವಾಗಿ ಕರಗುತ್ತದೆ.

ಇದನ್ನು ಅರಳಿಕಟ್ಟೆಯಲ್ಲಿ ಕೂತು ಹೇಳುವಾಗ ನಮ್ಮೂರಿನ ಒಬ್ಬರು ಮೇಷ್ಟ್ರು, "ನಮ್ಮ ಕಾಮೇಗೌಡರು ಮಾಡಿದ್ದೂ ಅದೇ ಅಲ್ವಾ?" ಅಂದರು. ನನಗೆ ನಾಚಿಕೆ ಆಯಿತು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ. ಕುಂದೂರು ಬೆಟ್ಟದ ಇಳಿಜಾರಿನಲ್ಲಿ, ಕುರಿ ಮಾರಿದ ದುಡ್ಡಲ್ಲಿ ಒಂದೊಂದೇ ಕಟ್ಟೆ ತೋಡಿದವರು. ಹಕ್ಕಿಗೆ, ಕುರಿಗೆ ನೀರಾಗಲಿ ಅಂತ. 2022ರಲ್ಲಿ ತೀರಿಕೊಂಡರು. ನಮ್ಮೂರಿಂದ ಹೊರಟರೆ ಊಟದ ಹೊತ್ತಿಗೆ ವಾಪಸ್ ಬರಬಹುದಾದ ದೂರ. ಲೇಹದ ಹತ್ತಿರದ ಫ್ಯಾಂಗಿನ ಹಿಮದ ಗೋಪುರದ ಮುಂದೆ ನಾನು ನಾಲ್ಕು ಸಲ ಫೋಟೋ ತೆಗೆಸಿಕೊಂಡಿದ್ದೇನೆ. ಕುಂದೂರು ಬೆಟ್ಟ ಹತ್ತಿಲ್ಲ.

ಮೇಷ್ಟ್ರು ಅಷ್ಟಕ್ಕೆ ಬಿಟ್ಟರು. ಅಣ್ಣ ಬಿಡಲಿಲ್ಲ. "ನಿಮ್ಮೂರಲ್ಲಿ ಎಷ್ಟು ಮನೆ ಅವೆ?" ಅಂದ. ಸುಮಾರು ನಲವತ್ತು ಅಂದೆ. "ನಲವತ್ತು ಮನೆಗೆ ನಾನೂ ಚುರ್ಪೋನ್ ಆಯ್ತೀನಿ ಕಣ್ಲಾ. ನಮ್ಮ ನಾಲೇಲಿ ಎಷ್ಟು ಊರು ಅವೆ ಲೆಕ್ಕ ಹಾಕು. ಕಬ್ಬು ಬಿಡು ಅಂತೀಯಲ್ಲ, ರಾಗಿ ಕುಯ್ಯೋಕೆ ಆಳು ತಂದುಕೊಡು. ನಿಂಗೇನಪ್ಪಾ, ಒಂದನೇ ತಾರೀಕು ಸಂಬಳ ಬತ್ತದೆ."

ಉತ್ತರ ಹೊಳೆಯಲಿಲ್ಲ. ನಾನು ನೆಲ ಬಿಟ್ಟು ಹೋದವನು. ಅವನು ಟಾರ್ಚು ಹಿಡಿದು ಕೂತವನು.

ಅದಕ್ಕಿಂತ ಜೋರಾದ ಏಟು ಕೊಟ್ಟವನು ನನ್ನ ಕ್ಲಾಸ್‌ಮೇಟ್. ನಮ್ಮೂರ ಕೆರೆಯ ಆ ನೀರುಗಂಟಿಯ ಮೊಮ್ಮಗ ಅವನು, ಈಗ ಮೈಸೂರಿನಲ್ಲಿ ಕೆಲಸ. ಎಲ್ಲ ಕೇಳಿಸಿಕೊಂಡು ಟೀ ಲೋಟ ಕೆಳಗಿಟ್ಟ. "ನಮ್ಮ ತಾತ ನಿಮ್ಮ ಗದ್ದೆಗೆಲ್ಲಾ ನೀರು ಕಟ್ಟುತಿದ್ದ, ನಿಜ ಕಣಪ್ಪಾ. ಊರೊಳಗಿನ ಬಾವೀಲಿ ಮಾತ್ರ ಒಂದು ಬಿಂದಿಗೆ ಸೇದೋ ಹಂಗಿರ್ಲಿಲ್ಲ. ಅದನ್ನೂ ಬರಿ." ಬರೆದಿದ್ದೇನೆ. ನಮ್ಮಜ್ಜಿ ಮೊರದ ಲೆಕ್ಕ ಹೇಳಿದ್ದಳು, ಇದನ್ನು ಹೇಳಿರಲಿಲ್ಲ.

ಲೇಹವನ್ನೂ ಪೂರ್ತಿ ಹೊಗಳುವ ಹಾಗಿಲ್ಲ, ಒಪ್ಪಿಕೊಳ್ಳಬೇಕು. ಪೇಟೆಯಲ್ಲಿ ಹೋಟೆಲಿಗೊಂದು ಬೋರ್‌ವೆಲ್ ಕೊರೆಯುತ್ತಿದ್ದಾರೆ. ಇವರ ಹಳೇ ಒಣ ಪಾಯಖಾನೆಯಲ್ಲಿ ಒಂದು ಹನಿ ನೀರು ಖರ್ಚಾಗುತ್ತಿರಲಿಲ್ಲ, ಅದರ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. ಟೂರಿಸ್ಟಿಗೆ ಫ್ಲಶ್ ಬೇಕು. ರೇಷನ್ ಅಕ್ಕಿ ಬಂದಮೇಲೆ ಹುಡುಗರಿಗೆ ಖೋಲಕ್ ಬೇಡ. ಆ ಅಕ್ಕಿ ಬರುವುದು ಲಾರಿಯಲ್ಲಿ, ಬಯಲು ಸೀಮೆಯ ಗದ್ದೆಗಳಿಂದ. ಅಂದರೆ ಯಾವನೋ ರೈತ, ಎಲ್ಲೋ ಒಂದು ನಾಲೆಯ ಮೇಲೆ ರಾತ್ರಿ ಟಾರ್ಚು ಹಿಡಿದು ಕೂತು ಬೆಳೆದದ್ದು. ಟ್ಯಾಕ್ಸಿ ಹುಡುಗನೂ ಹೋದ ತಿಂಗಳು ಕೇಳಿದ, ಮುಂದಿನ ಸರದಿಗೆ ಕೂಲಿ ಕೊಟ್ಟು ಒಬ್ಬನನ್ನು ನೇಮಿಸಿದರೆ ಹೇಗೆ ಅಂತ. ಆಮಾ-ಲೆ ಏನೂ ಅನ್ನಲಿಲ್ಲ, ಒಳಗೆ ಹೋದರು.

ಮೊನ್ನೆ ರಾತ್ರಿ ಅಣ್ಣ ಫೋನ್ ಮಾಡಿದ್ದ. ದನಿಯಲ್ಲಿ ಖುಷಿ ಇತ್ತು. ನಾಟಿಗೆ ನೀರು ಸಿಕ್ಕಿತಂತೆ, ಮಡಿ ತುಂಬಿ ನಿಂತಿದೆಯಂತೆ. ಅತ್ತಿಗೆ ಹುರಿಹಿಟ್ಟು ಮಾಡಿಟ್ಟಿದ್ದಾಳೆ, ಪಾರ್ಸೆಲ್ ಕಳಿಸಲಾ ಅಂತ ಕೇಳಿದ. ಕಳಿಸು, ಎರಡು ಕಿಲೋ ಜಾಸ್ತಿ ಹಾಕು, ಆಮಾ-ಲೆಗೂ ಬೇಕು ಅಂದೆ. ನೀರು ಹಗಲು ಬಂತೋ ರಾತ್ರಿ ಬಂತೋ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.