ಸಿಮೆಂಟ್ ಮೂಟೆ ಮತ್ತು ಸ್ಟಾಪ್‌ವಾಚ್

ಬಿಲ್ವಿದ್ಯೆಯನ್ನು ಈಗ ಗಡಿಯಾರ ಹಿಡಿದು ಅಳೆಯಲಾಗುತ್ತಿದೆ. ಡೆನ್ಮಾರ್ಕಿನ ಲಾರ್ಸ್ ಆಂಡರ್ಸನ್ 0.6 ಸೆಕೆಂಡಿನಲ್ಲಿ ಮೂರು ಬಾಣ ಬಿಡುವ ವಿಡಿಯೊವನ್ನು 2015ರ ಜನವರಿಯಲ್ಲಿ ಜಗತ್ತು ಕಂಡದ್ದೇ ತಡ, ಕುರ್ಚಿಯಲ್ಲಿ ಕೂತವರಿಗೆಲ್ಲ ಮಧ್ಯಯುಗದ ಯುದ್ಧರಹಸ್ಯ ಹೊಳೆದುಬಿಟ್ಟಿತು. ಆತನ ಕೈಚಳಕ ಸುಳ್ಳಲ್ಲ. ಹೆದೆ ಎಳೆಯುವ ಕೈಯಲ್ಲೇ ಬಾಣಗಳನ್ನು ಹಿಡಿದು ಒಂದರ ಹಿಂದೊಂದು ಹೂಡುವುದು ಬೆವರು ಸುರಿಸಿ ಕಲಿತವನಿಗೇ ಸಾಧ್ಯ. ಆದರೆ ಆ ದಾರಿ ಹಿಡಿದವರ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ, ಎಷ್ಟೋ ಕಡೆ ಹೆದೆ ಕಿವಿಯ ತನಕ ಹೋಗುವುದಿರಲಿ, ಅರ್ಧದಾರಿಯಿಂದಲೇ ಮರಳುತ್ತದೆ. ನಾಲ್ಕು ಹೆಜ್ಜೆ ಆಚೆಯ ಥರ್ಮೊಕೋಲಿಗೆ ನಾಟಿದ ಬಾಣ ನಾಚಿಕೊಂಡಂತೆ ಬಾಲ ಇಳಿಬಿಡುತ್ತದೆ. ಸೆಕೆಂಡನ್ನು ದಶಮಾಂಶದವರೆಗೆ ಬರೆಯುವ ಈ ಲೆಕ್ಕಿಗರ ಪೆನ್ನಿನಲ್ಲಿ ಬಿಲ್ಲಿನ ತೂಕ ಬರೆಯುವ ಹೊತ್ತಿಗೆ ಸರಿಯಾಗಿ ಶಾಯಿ ಮುಗಿದಿರುತ್ತದೆ.

ತೂಕವೆಂದರೆ ತಕ್ಕಡಿಯ ತೂಕವಲ್ಲ, ಹೆದೆಯನ್ನು ಪೂರ್ತಿ ಸೆಳೆಯಲು ಬೇಕಾದ ಬಲ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನಲ್ಲಿ ಸಿಕ್ಕ ಬಿಲ್ಲುಗಳಿಗೆ ಸುಮಾರು 100ರಿಂದ 185 ಪೌಂಡ್ ಬಲ ಬೇಕಿತ್ತೆಂದು ಅಂದಾಜಿಸಿದ್ದಾರೆ. ಹಗುರವಾದ ಬಿಲ್ಲೆಂದರೂ ಪ್ರತಿ ಬಾಣಕ್ಕೆ ಹತ್ತಿರಹತ್ತಿರ ಒಂದು ಸಿಮೆಂಟ್ ಮೂಟೆ ಎತ್ತಿದಷ್ಟು ಶ್ರಮ. ಇದನ್ನು ಬರೀ ತೋಳಿನಿಂದಲ್ಲ, ಇಡೀ ಮೈಭಾರ ಹಾಕಿ ಎಳೆಯಬೇಕೆಂದು ತಂದೆ ಕಲಿಸಿದ್ದನ್ನೂ, ವಯಸ್ಸು ಮತ್ತು ಬಲ ಹೆಚ್ಚಿದಂತೆ ದೊಡ್ಡ ಬಿಲ್ಲು ಕೊಂಡು ಕೊಟ್ಟದ್ದನ್ನೂ ಬಿಷಪ್ ಹ್ಯೂ ಲ್ಯಾಟಿಮರ್ 1549ರಲ್ಲಿ ದೊರೆಯ ಮುಂದೆ ಉಪದೇಶ ಮಾಡುತ್ತಾ ನೆನೆದಿದ್ದರು. ಪಾಪ, ಬಿಲ್ಲನ್ನು ಚಿಕ್ಕದು ಮಾಡಿದರೆ ಬಾಲ್ಯವೂ ಉಳಿಯುತ್ತದೆ, ಭುಜವೂ ಉಳಿಯುತ್ತದೆ ಎಂಬ ಉಪಾಯ ಆ ತಂದೆಗೆ ಹೊಳೆಯಲಿಲ್ಲ. ವೇಗವೊಂದೇ ಲೆಕ್ಕವಾದರೆ, ಪೊರಕೆಕಡ್ಡಿ ಬಗ್ಗಿಸಿ ದಾರ ಕಟ್ಟಿ ಅಜ್ಜಿಯ ಬೆನ್ನಿಗೆ ಗುರಿಯಿಟ್ಟ ನಾವೆಲ್ಲರೂ ಮಹಾರಥಿಗಳೇ.

ಎದುರು ಪಕ್ಷದವರೂ ಕಡಿಮೆಯವರಲ್ಲ. ‘ನಮ್ಮದು ಭಾರದ ಬಿಲ್ಲು’ ಎಂದು ಗುಡುಗಿ, ಒಂದೇ ಒಂದು ಬಾಣ ಬಿಟ್ಟು, ಉಳಿದ ದಿನವನ್ನು ಭುಜಕ್ಕೆ ಮುಲಾಮು ತಿಕ್ಕುತ್ತಾ ಕಳೆಯುವ ವೀರರೂ ಇದ್ದಾರೆ.

ಇರಲಿ, ವೇಗದವರ ಮಾತನ್ನೇ ಒಪ್ಪಿ ಅವರಲ್ಲೊಬ್ಬನನ್ನು 1415ರ ಅಜಿನ್‌ಕೋರ್ಟ್ ಕದನಕ್ಕೆ ಕಳಿಸೋಣ. ಇಂಗ್ಲಿಷ್ ಬಿಲ್ಲುಗಾರರ ಬಾಣದ ಕಟ್ಟಿನಲ್ಲಿ ವಾಡಿಕೆಯಂತೆ 24 ಬಾಣ. ಸೆಕೆಂಡಿಗೆ ಐದರಂತೆ ಬಿಟ್ಟರೆ ಐದು ಸೆಕೆಂಡು ತುಂಬುವ ಮೊದಲೇ ಕಟ್ಟು ಖಾಲಿ. ಕದನ ಗಂಟೆಗಟ್ಟಲೆ ನಡೆಯುತ್ತದೆ; ಉಕ್ಕಿನ ಕವಚ ತೊಟ್ಟ ಫ್ರೆಂಚರು ಕೆಸರಲ್ಲಿ ಕಾಲು ಕಿತ್ತಿಡುತ್ತಾ ಇನ್ನೂ ಬರುತ್ತಲೇ ಇದ್ದಾರೆ. ಈತ ಮಾತ್ರ ಬರಿಗೈಯಲ್ಲಿ ನಿಂತು, ಪಕ್ಕದವನನ್ನು ಕೇಳುತ್ತಿದ್ದಾನೆ: “ಅಣ್ಣಾ, ರೆಕಾರ್ಡ್ ಆಯ್ತಾ?”