ಗವರ್ನರ್ ಜನರಲ್ ಲಂಡನ್ನಿನ ಆಳಲ್ಲ

ಆಸ್ಟ್ರೇಲಿಯಾದ ಗವರ್ನರ್ ಜನರಲ್ ಎಂದರೆ ದೊರೆಯ (ಬ್ರಿಟನ್ನಿನ ದೊರೆಯೇ ಆಸ್ಟ್ರೇಲಿಯಾಕ್ಕೂ ದೊರೆ) ಆಜ್ಞೆಯನ್ನು ಲಂಡನ್ನಿನಿಂದ ತಂದು ಜಾರಿ ಮಾಡುವವರು ಎಂದು ನಾನು ಓದಿದ ಒಂದು ಲೇಖನ ಹೇಳುತ್ತದೆ. ಇದು ತಪ್ಪು, ಸಣ್ಣ ತಪ್ಪೂ ಅಲ್ಲ. ನೇಮಿಸುವುದು ದೊರೆಯೇ, ಆದರೆ ಹೆಸರು ಕೊಡುವುದು ಆಸ್ಟ್ರೇಲಿಯಾದ ಪ್ರಧಾನಿ. ಬ್ರಿಟಿಷ್ ಸರ್ಕಾರಕ್ಕೆ ಅಲ್ಲಿ ಪಾತ್ರವೇ ಇಲ್ಲ. ಸಂಸತ್ತಿನ ವಿಸರ್ಜನೆ, ಮಂತ್ರಿಗಳ ನೇಮಕದಂಥ ಅಧಿಕಾರಗಳನ್ನು ಸಂವಿಧಾನ ನೇರವಾಗಿ ಗವರ್ನರ್ ಜನರಲ್‌ಗೇ ಕೊಟ್ಟಿದೆ.

1975ರ ನವೆಂಬರ್ 11 ಇದಕ್ಕೆ ಸಾಕ್ಷಿ. ಮೇಲ್ಮನೆಯಾದ ಸೆನೆಟ್ ಹಣಕಾಸು ಮಸೂದೆಗಳನ್ನು ತಡೆಹಿಡಿದಾಗ ಆಗಿನ ಗವರ್ನರ್ ಜನರಲ್ ಜಾನ್ ಕೆರ್ ಪ್ರಧಾನಿ ವಿಟ್ಲಮ್‌ರನ್ನು ವಜಾ ಮಾಡಿ ವಿರೋಧ ಪಕ್ಷದ ನಾಯಕ ಫ್ರೇಸರ್‌ರನ್ನು ಕೂರಿಸಿದರು. ಕೆಳಮನೆ ಅದೇ ಮಧ್ಯಾಹ್ನ ಫ್ರೇಸರ್ ವಿರುದ್ಧ ಅವಿಶ್ವಾಸ ಅಂಗೀಕರಿಸಿತು. ಆ ನಿರ್ಣಯ ಹಿಡಿದ ಸ್ಪೀಕರ್ ಕೆರ್‌ರನ್ನು ಭೇಟಿಯಾಗುವ ಮೊದಲೇ ಸಂಸತ್ತು ವಿಸರ್ಜನೆಯಾಗಿತ್ತು! ಸ್ಪೀಕರ್ ರಾಣಿಗೆ ಪತ್ರ ಬರೆದರೆ, ಆ ಅಧಿಕಾರ ಗವರ್ನರ್ ಜನರಲ್ ಕೈಯಲ್ಲಿದೆ, ರಾಣಿ ಮಧ್ಯೆ ಬರುವುದು ಸರಿಯಲ್ಲ ಎಂಬ ಉತ್ತರ ಅರಮನೆಯಿಂದ ಬಂತು.

ಈ ವ್ಯವಸ್ಥೆಯ ನಿಜವಾದ ದೋಷ ಬೇರೆ ಕಡೆ ಇದೆ. ಗವರ್ನರ್ ಜನರಲ್‌ಗೆ ನಿಗದಿತ ಅವಧಿಯ ರಕ್ಷಣೆಯಿಲ್ಲ, ಐದು ವರ್ಷ ಎಂಬುದು ರೂಢಿ ಮಾತ್ರ. ಪ್ರಧಾನಿ ಸಲಹೆ ಕೊಟ್ಟರೆ ದೊರೆ ತೆಗೆಯಬೇಕಾಗುತ್ತದೆ. ಮುನ್ಸೂಚನೆ ಕೊಟ್ಟರೆ ವಿಟ್ಲಮ್ ತನ್ನನ್ನೇ ತೆಗೆಸುತ್ತಾರೆ ಎಂಬ ಅಂಜಿಕೆಯಿಂದಲೇ ಕೆರ್ ಬಾಯಿ ಬಿಡಲಿಲ್ಲ. ಪರಸ್ಪರ ವಜಾ ಮಾಡಬಲ್ಲ ಇಬ್ಬರ ನಡುವೆ ಮುಕ್ತ ಸಮಾಲೋಚನೆ ಹೇಗೆ ಸಾಧ್ಯ?

ಲೇಖನಕ್ಕೆ ಇನ್ನೊಂದು ತಿದ್ದುಪಡಿ: ಆಸ್ಟ್ರೇಲಿಯಾದ ರಾಜ್ಯಗಳ ಗವರ್ನರ್‌ಗಳು ಗವರ್ನರ್ ಜನರಲ್ ಕೈಕೆಳಗಿನವರಲ್ಲ. 1986ರ ಆಸ್ಟ್ರೇಲಿಯಾ ಕಾಯ್ದೆಯ ನಂತರ ಅವರ ನೇಮಕದ ಬಗ್ಗೆ ಆಯಾ ರಾಜ್ಯದ ಪ್ರೀಮಿಯರ್ (ರಾಜ್ಯ ಸರ್ಕಾರದ ಮುಖ್ಯಸ್ಥರು) ನೇರವಾಗಿ ದೊರೆಗೇ ಸಲಹೆ ಕೊಡುತ್ತಾರೆ. ಕೆನಡಾದಲ್ಲಿ ಹಾಗಲ್ಲ, ಪ್ರಾಂತ್ಯಗಳ ಲೆಫ್ಟಿನೆಂಟ್ ಗವರ್ನರ್‌ಗಳನ್ನು ನೇಮಿಸುವುದು ಅಲ್ಲಿನ ಗವರ್ನರ್ ಜನರಲ್. ಲೇಖನ ಎರಡನ್ನೂ ಒಂದೇ ಮಾಡಿಬಿಟ್ಟಿದೆ, ದಯವಿಟ್ಟು ತಿದ್ದಿ.